ಹೂದಾನಿಗೆ ತಡವಾಗಿ ಬಂದ ಬಳ್ಳಿ

ಹೂವನ್ನು ಮೊಳದ ಲೆಕ್ಕದಲ್ಲಿ ಕೊಳ್ಳುವ ನಮಗೆ ತೊಟ್ಟಿನ ಚಿಂತೆ ಕಡಿಮೆ. ಮಲ್ಲಿಗೆಗೆ ದಾರ ಹಿಡಿಯುವಷ್ಟು ತೊಟ್ಟಿದ್ದರೆ ಸಾಕು. ಹೂದಾನಿಯ ವ್ಯಾಪಾರ ಹಾಗಲ್ಲ, ಅಲ್ಲಿ ಕಡ್ಡಿಗೂ ಬೆಲೆ. ಉದ್ದವಾಗಿ ನೆಟ್ಟಗೆ ಇರಬೇಕು. ಕ್ಲೆಮಾಟಿಸ್ ಬಳ್ಳಿಯ ಚರಿತ್ರೆ ಓದುವಾಗ ನನಗೆ ಕಂಡಿದ್ದು ಈ ಕಡ್ಡಿಯ ಕಥೆಯೇ.

ಇಂಗ್ಲೆಂಡಿನ ವೋಕಿಂಗ್‌ನಲ್ಲಿ ಜ್ಯಾಕ್‌ಮನ್ ಮನೆತನದ ನರ್ಸರಿ ಇತ್ತು. 1858ರಲ್ಲಿ ಅಲ್ಲಿ ಚೀನಾದಿಂದ ಬಂದ ದೊಡ್ಡ ಹೂವಿನ ತಳಿಯನ್ನು ಯುರೋಪಿನ ತಳಿಗಳ ಜೊತೆ ಕೂಡಿಸಿದರು. ಹುಟ್ಟಿದ್ದು ಕಡುನೇರಳೆ ಬಣ್ಣದ 'ಜ್ಯಾಕ್‌ಮನಿ'. ಅದು ಎಲ್ಲರ ಗೋಡೆ ಏರಿತು. 1872ರಲ್ಲಿ ಥಾಮಸ್ ಮೂರ್ ಮತ್ತು ಜಾರ್ಜ್ ಜ್ಯಾಕ್‌ಮನ್ ಸೇರಿ ಒಂದು ಪುಸ್ತಕವನ್ನೇ ಬರೆದರು. ಹೆಸರು ನೋಡಿ, 'ತೋಟದ ಹೂವಾಗಿ ಕ್ಲೆಮಾಟಿಸ್' ಅಂತ! ಹೂದಾನಿಯದ್ದಲ್ಲ.

ಆದರೆ ದೊಡ್ಡ ಹೂವಿನ ಗಿಡಗಳು ಇವತ್ತು ಚೆನ್ನಾಗಿದ್ದು ನಾಳೆ ಸೊರಗಿ ಕಪ್ಪಾಗತೊಡಗಿದವು. ಬೆಳೆದವರು ಕಂಗಾಲು. ಇದಕ್ಕೆ ಒಂದು ಶಿಲೀಂಧ್ರ ಕಾರಣ ಎಂದು 1915ರಲ್ಲಿ ಅಮೆರಿಕದ ಗ್ಲಾಯರ್ ತೋರಿಸಿಕೊಟ್ಟ. ಅಷ್ಟರಲ್ಲಿ ಹುಚ್ಚು ಇಳಿದಿತ್ತು.

ಜಪಾನಿನವರ ದಾರಿಯೇ ಬೇರೆ. ಚೀನಾದಿಂದ ಬಂದ ತಳಿಗೆ ಅವರಿಟ್ಟ ಹೆಸರು 'ತೆಸ್ಸೆನ್', ಅಂದರೆ ಕಬ್ಬಿಣದ ತಂತಿ. ಹೂವಿಗಲ್ಲ, ಬಳ್ಳಿಗೆ ಕೊಟ್ಟ ಹೆಸರು! ಇಕೆಬಾನಾದಲ್ಲಿ ಬಳ್ಳಿಯ ಬಾಗು ಕುಂದಲ್ಲ, ಅದೇ ಚೆಲುವು. ಒಂದು ಹೂವು, ಒಂದು ಮೊಗ್ಗು, ನಾಲ್ಕು ಎಲೆ ಸಾಕು. ನೀರು ಏರಲೆಂದು ಕಡ್ಡಿಯ ತುದಿಯನ್ನು ಜಜ್ಜಿ ಇಡುತ್ತಾರೆ.

ವ್ಯಾಪಾರಕ್ಕೆ ಬೆಳೆಯುವವರಿಗೆ ಮಾತ್ರ ಬಾಗು ಕಷ್ಟವೇ. ಕ್ಲೆಮಾಟಿಸ್ ಎಲೆಯ ತೊಟ್ಟಿನಿಂದಲೇ ಸಿಕ್ಕಿದ್ದನ್ನು ಸುತ್ತಿಕೊಳ್ಳುತ್ತದೆ. ಒಂದು ಹೂ ಕೊಯ್ಯಲು ಹೋದರೆ ಸಿಕ್ಕು ಬಿಡಿಸಬೇಕು, ಉದ್ದ ಕೊಯ್ದರೆ ಮುಂದಿನ ಮೊಗ್ಗುಗಳೂ ಹೋಗುತ್ತವೆ. ಪರಿಹಾರ ಸಿಕ್ಕಿದ್ದು 'ಇಂಟೆಗ್ರಿಫೋಲಿಯಾ' ಎಂಬ ಹಬ್ಬದ ಜಾತಿಯಲ್ಲಿ. ಅದರ ಸಂತತಿ ಸುತ್ತಿಕೊಳ್ಳುವುದಿಲ್ಲ. ಬುಡದವರೆಗೆ ಕತ್ತರಿಸಿದರೂ ಹೊಸ ಚಿಗುರಿನಲ್ಲೇ ಹೂ ಬಿಡುತ್ತದೆ. ಗಂಟೆಯಂತೆ ಬಾಗಿದ ಹೂವಿನ 'ರೂಗುಚಿ' ತಳಿಯನ್ನು ಜಪಾನಿನ ಕಝುಶಿಗೆ ಒಜಾವಾ 1988ರಲ್ಲಿ ಬೆಳೆಸಿದ್ದು ಈ ಬಗೆಯದೇ. ಹಾಲೆಂಡಿನವರೂ ಇದೇ ದಾರಿ ಹಿಡಿದು ಹೂದಾನಿಗೆಂದೇ ತಳಿಗಳನ್ನು ತಂದರು.

ತಮಾಷೆ ಏನು ಗೊತ್ತಾ? ಜ್ಯಾಕ್‌ಮನಿಯ ಹಿರಿಯರಲ್ಲೂ ಈ ಇಂಟೆಗ್ರಿಫೋಲಿಯಾದ ರಕ್ತವಿತ್ತು. 1830ರ ದಶಕದಲ್ಲೇ ಲಂಡನ್ನಿನ ಹೆಂಡರ್ಸನ್ ಅದನ್ನು ಕೂಡಿಸಿದ್ದ. ನೆಟ್ಟಗಿನ ಕಡ್ಡಿ ಕೈಯಲ್ಲೇ ಇತ್ತು. ಗೋಡೆ ಏರುವ ಹೂವಿನ ಮೋಹದಲ್ಲಿ ಯಾರಿಗೂ ಬೇಕಾಗಿರಲಿಲ್ಲ, ಅಷ್ಟೆ. ಹೂವಿನ ಚರಿತ್ರೆಯನ್ನು ಬಣ್ಣದಿಂದಲ್ಲ, ತೊಟ್ಟಿನಿಂದ ಓದಬೇಕು ಅಂತ ನನಗನ್ನಿಸುತ್ತದೆ.