ಮಟ್ಟನ್ನು ಹೊತ್ತು ತಂದ ಲಯ

ಹಾಡೊಂದನ್ನು ಕೇಳಿ ಮೆಚ್ಚಿದಾಗ ನಾವು ಸಾಮಾನ್ಯವಾಗಿ ಆಡುವ ಮಾತು ಎರಡು: ರಾಗ ಸೊಗಸಾಗಿತ್ತು, ಕಂಠ ಇಂಪಾಗಿತ್ತು. ಲಯ ಚೆನ್ನಾಗಿತ್ತೆಂದು ಹೇಳುವವರು ವಿರಳ. ಲಯವೆಂಬುದು ಮೃದಂಗದವರ ಪಾಲಿನ ಕೆಲಸ, ಮಟ್ಟು ಸಿದ್ಧವಾದ ಮೇಲೆ ಅದರ ಸುತ್ತ ಹಾಕುವ ಬೇಲಿ ಎಂಬ ಭಾವನೆ ಬಹಳ ಮಂದಿಯಲ್ಲಿದೆ. ಆದರೆ ಕನ್ನಡ ಹಾಡುಗಬ್ಬದ ಸಾವಿರದ ಮುನ್ನೂರು ವರ್ಷಗಳ ಚರಿತ್ರೆಯನ್ನು ನೋಡಿದರೆ ವಿಷಯ ಬೇರೆಯಾಗಿ ತೋರುತ್ತದೆ. ನಮ್ಮಲ್ಲಿ ಲಯ ಮೊದಲು ಹುಟ್ಟಿತು. ಮಟ್ಟು ಅದರ ಹೆಗಲೇರಿ ಬಂದಿತು. ಗಟ್ಟಿಯಾದ ಮಟ್ಟು ಎಂದು ನಾವು ಇಂದಿಗೂ ನೆನೆಯುವ ಹಾಡುಗಳನ್ನು ಬಿಡಿಸಿ ನೋಡಿದರೆ ಅವುಗಳ ಒಳಗೆ ಗಟ್ಟಿಯಾದ ನಡೆಯೊಂದು ಇದ್ದೇ ಇರುತ್ತದೆ.

ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಿಂದ ಪ್ರಾರಂಭಿಸೋಣ. ಸುಮಾರು ಕ್ರಿ.ಶ. 700ರದೆಂದು ಎಣಿಸಲಾಗಿರುವ ಈ ಬಂಡೆಯ ಬರಹದಲ್ಲಿ ತ್ರಿಪದಿಗಳು ದೊರೆಯುತ್ತವೆ. ಕನ್ನಡದ ಯಾವ ದೊಡ್ಡ ಕಾವ್ಯವೂ ನಮ್ಮ ಕೈಸೇರಿರದ ಕಾಲದ ಪದ್ಯಗಳಿವು. ತ್ರಿಪದಿಗೆ ಮೂರು ಸಾಲು, ಒಟ್ಟು ಹನ್ನೊಂದು ಗಣ. ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಮಿಕ್ಕವು ವಿಷ್ಣುಗಣ. ಇವು ಅಂಶಗಣಗಳು. ಅಂಶಗಣದ ವಿಶೇಷವೇನೆಂದರೆ, ಅಲ್ಲಿ ಅಕ್ಷರದ ಲೆಕ್ಕ ಬಿಗಿಯಾದುದಲ್ಲ. ಹಾಡುವವರು ಒಂದೆಡೆ ಎಳೆದು ಇನ್ನೊಂದೆಡೆ ಕುಗ್ಗಿಸಿ ಗಣವನ್ನು ತುಂಬಿಕೊಳ್ಳುತ್ತಾರೆ. ಪದ್ಯ ಕಾಗದದ ಮೇಲೆ ಸ್ವಲ್ಪ ಅಂಕುಡೊಂಕಾಗಿ ಕಂಡರೂ ನಾಲಗೆಯ ಮೇಲೆ ಸಮನಾಗಿ ನಡೆಯುತ್ತದೆ. ಹಳ್ಳಿಯ ಗರತಿಯರು ಬೀಸುವ ಕಲ್ಲಿನ ಮುಂದೆ ಕುಳಿತು ಹಾಡುವಾಗ ಎರಡನೆಯ ಸಾಲನ್ನು ಮತ್ತೆ ಎತ್ತಿಕೊಂಡು ಮೂರನೆಯದಕ್ಕೆ ಹೋಗುವುದು ವಾಡಿಕೆ. ಅಲ್ಲಿ ತಾಳ ಹಾಕುವವರಿಲ್ಲ. ಕಲ್ಲಿನ ಸುತ್ತೇ ತಾಳ.

ಕೆಲಸಕ್ಕೂ ಹಾಡಿನ ನಡೆಗೂ ಇರುವ ಈ ನಂಟನ್ನು ಪಂಡಿತರೂ ಗಮನಿಸಿದ್ದರು. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಮೊದಲ ಭಾಗದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುಟ್ಟುವಾಗ ತ್ರಿಪದಿ, ಕಥೆ ಹೇಳುವಾಗ ಷಟ್ಪದಿ, ಮದುವೆಯಲ್ಲಿ ಧವಳ ಎಂದು ಹಂಚಿಕೊಟ್ಟಿದ್ದಾನೆ. ಯಾವ ಸಂದರ್ಭಕ್ಕೆ ಯಾವ ಬಗೆಯ ಹಾಡೆಂಬುದನ್ನು ಅವನು ಪದ್ಯದ ಕಟ್ಟಿನಿಂದ ಗುರುತಿಸಿರುವುದು ಗಮನಾರ್ಹ.

ಇತ್ತ ಆಸ್ಥಾನದ ಕವಿಗಳು ಬಹುಕಾಲ ಸಂಸ್ಕೃತದ ಅಕ್ಷರವೃತ್ತಗಳನ್ನೂ ಕಂದವನ್ನೂ ಬಳಸಿ ಚಂಪೂಕಾವ್ಯಗಳನ್ನು ಬರೆದರು. ಒಂದನೆಯ ನಾಗವರ್ಮನು 10ನೆಯ ಶತಮಾನದ ಕೊನೆಯಲ್ಲಿ ‘ಛಂದೋಂಬುಧಿ’ಯನ್ನು ರಚಿಸಿದಾಗ ಈ ವೃತ್ತಗಳ ಜೊತೆಗೆ ತ್ರಿಪದಿ, ಏಳೆ, ಅಕ್ಕರ, ಷಟ್ಪದಿ ಮೊದಲಾದ ಕನ್ನಡ ನೆಲದ ಛಂದಸ್ಸುಗಳಿಗೂ ಲಕ್ಷಣ ಹೇಳಿದನು. ಅಕ್ಷರವೃತ್ತ ಓದುವುದಕ್ಕೆ ಗಂಭೀರವಾದುದು. ಆದರೆ ಅದರಲ್ಲಿ ಬಹುಪಾಲು ವೃತ್ತಗಳನ್ನು ಸಮಸಮನಾದ ಪೆಟ್ಟುಗಳಿಗೆ ಹಂಚುವುದು ಕಷ್ಟ. ಆದ್ದರಿಂದಲೇ ಅದು ಸಭೆಯಲ್ಲಿ ಉಳಿಯಿತು. ಜನರ ಬಾಯಲ್ಲಿ ಹಾಡಾಗಿ ನಿಲ್ಲಲಿಲ್ಲ.

ಹರಿಹರ, ರಾಘವಾಂಕರ ಕಾಲಕ್ಕೆ, ಎಂದರೆ 1200ರ ಆಚೀಚೆಗೆ, ದೊಡ್ಡ ತಿರುವು ಬಂದಿತು. ಹರಿಹರನು ರಗಳೆಯನ್ನು ಕೈಗೆತ್ತಿಕೊಂಡನು. ರಗಳೆಯಲ್ಲಿ ಮುಖ್ಯವಾಗಿ ಮೂರು ಬಗೆ: ಮೂರು ಮಾತ್ರೆಯ ಗಣಗಳದು ಉತ್ಸಾಹ, ನಾಲ್ಕರದು ಮಂದಾನಿಲ, ಐದರದು ಲಲಿತ. ಹೆಸರುಗಳನ್ನು ಗಮನಿಸಿ. ಒಂದು ಉಬ್ಬಿ ನುಗ್ಗುವುದು, ಒಂದು ತಂಗಾಳಿಯಂತೆ ಸುಳಿಯುವುದು, ಒಂದು ಬಳುಕುವುದು. ಲಕ್ಷಣಕಾರರು ನಡೆಯಿಂದಲೇ ಭಾವವನ್ನು ಹೆಸರಿಸಿದ್ದಾರೆ. ರಾಗದ ಮಾತು ಇನ್ನೂ ಬಂದೇ ಇಲ್ಲ. ರಾಘವಾಂಕನು ‘ಹರಿಶ್ಚಂದ್ರ ಕಾವ್ಯ’ವನ್ನು ವಾರ್ಧಕ ಷಟ್ಪದಿಯಲ್ಲಿ ಬರೆದು ಷಟ್ಪದಿಗೆ ಕಾವ್ಯದ ಪಟ್ಟವನ್ನು ಕೊಟ್ಟನು. ಮುಂದೆ ಕುಮಾರವ್ಯಾಸನ ಕೈಯಲ್ಲಿ ಭಾಮಿನಿ ಷಟ್ಪದಿ ಮನೆಮನೆಯ ಮಾತಾಯಿತು.

ಷಟ್ಪದಿಯ ಕಟ್ಟನ್ನು ಒಮ್ಮೆ ನೋಡಬೇಕು. ಭಾಮಿನಿಯಲ್ಲಿ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ ಹದಿನಾಲ್ಕು ಹದಿನಾಲ್ಕು ಮಾತ್ರೆ. ಮೂರು, ಆರನೆಯ ಸಾಲುಗಳಿಗೆ ಇಪ್ಪತ್ತೊಂದು ಮಾತ್ರೆ, ಕೊನೆಗೊಂದು ಗುರು. ಎರಡು ಸಾಲು ಒಂದೇ ಅಳತೆಯಲ್ಲಿ ಬಂದು ಕಿವಿಯನ್ನು ಸಿದ್ಧಗೊಳಿಸುತ್ತವೆ. ಮೂರನೆಯದು ನಿಲ್ಲಬೇಕಾದಲ್ಲಿ ನಿಲ್ಲದೆ ಮುಂದೆ ಸಾಗಿ, ಕೊನೆಯ ಗುರುವಿನ ಮೇಲೆ ತಂಗುತ್ತದೆ. ಮಟ್ಟು ಕಟ್ಟುವವನಿಗೆ ಇದಕ್ಕಿಂತ ಹೆಚ್ಚಿನ ಸಹಾಯ ಯಾರು ಮಾಡಿಯಾರು? ಎಲ್ಲಿ ಏರಬೇಕು, ಎಲ್ಲಿ ಹಿಗ್ಗಬೇಕು, ಎಲ್ಲಿ ಇಳಿದು ನಿಲ್ಲಬೇಕು ಎಂಬುದನ್ನು ಪದ್ಯವೇ ಹೇಳಿಕೊಡುತ್ತದೆ.

ನಡೆ ಬದಲಾದರೆ ಏನಾಗುತ್ತದೆಂಬುದನ್ನು ತಿಳಿಯಲು ಸರಳವಾದ ಪ್ರಯೋಗವೊಂದನ್ನು ಮನೆಯಲ್ಲಿಯೇ ಮಾಡಬಹುದು. ಇದಕ್ಕಾಗಿಯೇ ಹೆಣೆದ ಮೂರು ಸಾಲುಗಳು ಇಲ್ಲಿವೆ:

ಮರದ ನೆಳಲಲಿ ಕುಳಿತ ಹಕ್ಕಿಯು
ಹಕ್ಕಿಯು ಮರದಲಿ ಕುಳಿತಿತು ನೆಳಲಲಿ
ಮರದಲ್ಲಿ ಹಕ್ಕಿಯದು ಕುಳಿತಿಹುದು ನೆಳಲಿನಲಿ

ಕವಿತೆಯಾಗಿ ಇವಕ್ಕೆ ಬೆಲೆಯಿಲ್ಲ. ಅರ್ಥ ಮೂರರಲ್ಲೂ ಒಂದೇ. ಆದರೆ ಮೊದಲನೆಯದು ಮೂರು-ನಾಲ್ಕು ಮಾತ್ರೆಯ ನಡೆ, ಎರಡನೆಯದು ನಾಲ್ಕು-ನಾಲ್ಕು, ಮೂರನೆಯದು ಐದೈದು. ಕೈತಟ್ಟಿಕೊಂಡು ಗಟ್ಟಿಯಾಗಿ ಹೇಳಿ ನೋಡಿ. ಮೊದಲನೆಯದು ತೂಗುತ್ತದೆ, ಎರಡನೆಯದು ಹೆಜ್ಜೆಯಿಡುತ್ತದೆ, ಮೂರನೆಯದು ಬಳುಕುತ್ತದೆ. ಇನ್ನು ಮೂರನೆಯ ಸಾಲನ್ನು ಹಟಹಿಡಿದು ನಾಲ್ಕರ ಪೆಟ್ಟಿಗೆ ಸೇರಿಸಿ: ಮರದಲ್, ಲಿಹಕ್ಕಿ, ಯದುಕುಳಿ, ತಿಹುದುನೆ, ಳಲಿನಲಿ! ಹಕ್ಕಿ ಹಾರಿಹೋಗಿ ಯದುಕುಲದವರಾರೋ ಬಂದಂತಾಯಿತು. ರಾಗ ಎಷ್ಟೇ ಒಳ್ಳೆಯದಿರಲಿ, ಈ ಮುರುಕನ್ನು ಅದು ಮುಚ್ಚಲಾರದು.

ಈ ಗುಟ್ಟನ್ನು ಸಂಗೀತದ ಕಡೆಯಿಂದ ಪೂರ್ಣವಾಗಿ ಕಂಡುಕೊಂಡವರು ಹರಿದಾಸರು. 13ನೆಯ ಶತಮಾನದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ 120 ದೇಶೀ ತಾಳಗಳನ್ನು ಪಟ್ಟಿಮಾಡಿದ್ದನು. ಶಾಸ್ತ್ರಕ್ಕೆ ಅದು ಸೊಗಸು, ಜನಕ್ಕೆ ಹೊರೆ. ಮುಳಬಾಗಿಲಿನ ಶ್ರೀಪಾದರಾಜರು, ವ್ಯಾಸರಾಯರು, ಪುರಂದರದಾಸರು (1484–1564) ಬೆಳೆಸಿದ ಸುಳಾದಿಗಳಲ್ಲಿ ಬಳಕೆಗೆ ನಿಂತವು ಮುಖ್ಯವಾಗಿ ಏಳು: ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ. ಸುಳಾದಿಯಲ್ಲಿ ಒಂದೊಂದು ನುಡಿ ಒಂದೊಂದು ತಾಳದಲ್ಲಿ ಸಾಗಿ ಕೊನೆಗೆ ಜತೆಯೆಂಬ ಎರಡು ಸಾಲುಗಳಲ್ಲಿ ಮುಗಿಯುತ್ತದೆ. ಭಾವ ತಿರುಗಿದಾಗ ತಾಳವೂ ತಿರುಗುತ್ತದೆ. ಎರಡು ಶತಮಾನಗಳ ಮೇಲೆ ವಿಜಯದಾಸರೂ ಅವರ ಶಿಷ್ಯ ಗೋಪಾಲದಾಸರೂ ಇದೇ ದಾರಿಯಲ್ಲಿ ನಡೆದರು.

ಕರ್ನಾಟಕ ಸಂಗೀತ ಕಲಿಯುವ ಮಕ್ಕಳಿಗೆ ಇಂದಿಗೂ ಹೇಳಿಕೊಡುವ ಅಲಂಕಾರಗಳನ್ನು ಕ್ರಮಗೊಳಿಸಿದವರು ಪುರಂದರದಾಸರೆಂಬುದು ಸಂಪ್ರದಾಯದ ನಂಬಿಕೆ. ಈ ಅಲಂಕಾರಗಳಲ್ಲಿ ಮಟ್ಟಿನ ರಹಸ್ಯವೇ ಅಡಗಿದೆ. ಷಡ್ಜದಿಂದ ಮಧ್ಯಮದವರೆಗಿನ ನಾಲ್ಕೇ ಸ್ವರಗಳನ್ನು ತೆಗೆದುಕೊಳ್ಳಿ. ಏಕತಾಳದಲ್ಲಿ ಅವು ‘ಸರಿಗಮ’ ಎಂದು ನೇರವಾಗಿ ಏರುತ್ತವೆ. ರೂಪಕದಲ್ಲಿ ‘ಸರಿ, ಸರಿಗಮ’: ಎರಡೆಣಿಕೆ ಹೋಗಿ ನೋಡಿ, ಹಿಂದಿರುಗಿ, ನಾಲ್ಕೆಣಿಕೆಯಲ್ಲಿ ಏರುವುದು. ತ್ರಿಪುಟದಲ್ಲಿ ‘ಸರಿಗ, ಸರಿ, ಗಮ’: ಮೂರು, ಎರಡು, ಎರಡು, ಒಟ್ಟು ಏಳು. ಮಠ್ಯದಲ್ಲಿ ‘ಸರಿಗರಿ, ಸರಿ, ಸರಿಗಮ’: ನಾಲ್ಕು, ಎರಡು, ನಾಲ್ಕು, ಒಟ್ಟು ಹತ್ತು. ಸ್ವರಗಳು ಅವೇ, ಹೊರಡುವ ಊರೂ ಸೇರುವ ಊರೂ ಅವೇ. ಆದರೂ ಏಳು ತಾಳಗಳಲ್ಲಿ ಏಳು ಬೇರೆ ಮಟ್ಟುಗಳು ಕೇಳಿಸುತ್ತವೆ. ಪೆಟ್ಟು ಯಾವ ಸ್ವರದ ಮೇಲೆ ಬೀಳುವುದೋ ಆ ಸ್ವರಕ್ಕೆ ತೂಕ ಬರುತ್ತದೆ. ತ್ರಿಪುಟದಲ್ಲಿ ಮೂರನೆಯ ಪೆಟ್ಟು ಗಾಂಧಾರವನ್ನು ಎತ್ತಿಹಿಡಿದರೆ, ಮಠ್ಯದಲ್ಲಿ ಮೂರು ಪೆಟ್ಟುಗಳೂ ಷಡ್ಜಕ್ಕೇ ಮರಳುತ್ತವೆ. ರಾಗವನ್ನು ಬದಲಿಸದೆ ಮಟ್ಟನ್ನು ಹೊಸದು ಮಾಡುವ ವಿದ್ಯೆ ಇದು.

ತ್ರಿಪುಟದ ಏಳೂ ಭಾಮಿನಿಯ ಮೂರು-ನಾಲ್ಕೂ ಒಂದೇ ಲೆಕ್ಕವೆಂಬುದನ್ನು ಓದುಗರು ಈಗಾಗಲೇ ಗುರುತಿಸಿರಬಹುದು. ಐದೈದು ಮಾತ್ರೆಯ ಪದಗಳು ಝಂಪೆಯ ಹತ್ತರಲ್ಲಿ ಎರಡೆರಡಾಗಿ ಕೂಡುತ್ತವೆ. ನಾಲ್ಕು ಮಾತ್ರೆಯವು ಆದಿತಾಳದ ಎಂಟರಲ್ಲಿ ಕೂಡುತ್ತವೆ. ಕಾವ್ಯದ ಗಣವೂ ಸಂಗೀತದ ತಾಳವೂ ಹೀಗೆ ಒಂದೇ ಬಾವಿಯ ನೀರು.

ಇದರ ಪ್ರಯೋಜನ ಚರಿತ್ರೆಯಲ್ಲಿ ಹೇಗೆ ಕಂಡಿತೆಂಬುದು ಮುಖ್ಯ. ದಾಸರ ಪದಗಳ ಹಸ್ತಪ್ರತಿಗಳಲ್ಲಿ ಸಾಮಾನ್ಯವಾಗಿ ಪದದ ಮೇಲೆ ರಾಗದ ಹೆಸರು, ತಾಳದ ಹೆಸರು, ಕೆಳಗೆ ಸಾಹಿತ್ಯ ಇರುತ್ತದೆ. ಸ್ವರವನ್ನು ಬರೆದಿಡುವ ವಾಡಿಕೆ ಇರಲಿಲ್ಲ. ಆದ್ದರಿಂದ ಅವರು ಹಾಡಿದ ಮಟ್ಟುಗಳು ಬಹುಪಾಲು ನಮಗೆ ದಕ್ಕಲಿಲ್ಲ. ಒಂದೇ ಪದವನ್ನು ಒಂದು ಊರಿನಲ್ಲಿ ಒಂದು ರಾಗದಲ್ಲಿ, ಮತ್ತೊಂದು ಊರಿನಲ್ಲಿ ಬೇರೆ ರಾಗದಲ್ಲಿ ಹಾಡುವುದನ್ನು ನಾವೆಲ್ಲರೂ ಕೇಳಿದ್ದೇವೆ. ರಾಗದ ಹೆಸರು ಸರಿಯೇ ತಪ್ಪೇ ಎಂದು ಕೇಳಿದರೆ ಸಾಕ್ಷಿ ಹೇಳುವವರಿಲ್ಲ. ತಾಳದ ವಿಷಯದಲ್ಲಿ ಹಾಗಲ್ಲ; ಪದದ ಮಾತುಗಳೇ ಸಾಕ್ಷಿ. ಮಾತ್ರೆಗಳನ್ನು ಎಣಿಸಿದರೆ ನಡೆ ಹೊರಬರುತ್ತದೆ. ಮಟ್ಟು ಅಳಿದರೂ ಲಯ ಮಾತಿನೊಳಗೆ ಉಳಿಯಿತು. ಹೊಸ ಹಾಡುಗಾರರು ಬಂದಾಗ ಮತ್ತೆ ಮಟ್ಟು ಕಟ್ಟುವುದಕ್ಕೆ ಅದೇ ಅಡಿಪಾಯವಾಯಿತು. ಆ ಪದಗಳು ಇಷ್ಟು ಕಾಲ ಜೀವಂತವಾಗಿರುವುದಕ್ಕೆ ಭಕ್ತಿಯೊಡನೆ ಇದೂ ಒಂದು ಕಾರಣವೆಂದು ನನ್ನ ನಂಬಿಕೆ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ತಾಳವಿಲ್ಲದ ಹಾಡೇ ಇಲ್ಲವೆ? ದಾಸರದೇ ಆದ ಉಗಾಭೋಗಕ್ಕೆ ತಾಳವಿಲ್ಲ. ಗಮಕಿಗಳು ಕುಮಾರವ್ಯಾಸ ಭಾರತವನ್ನು ರಾಗದಲ್ಲಿ ವಾಚಿಸುತ್ತಾರೆ, ತಾಳ ಹಾಕುವುದಿಲ್ಲ. ಈ ಮಾತು ನಿಜ. ಆದರೆ ತಾಳ ಬೇರೆ, ಲಯ ಬೇರೆ. ತಾಳವು ಕೈಯಲ್ಲಿ ಎಣಿಸುವ ಅಳತೆ. ಲಯವು ಮಾತಿನ ಒಳಗಿನ ನಡೆ. ಒಳ್ಳೆಯ ಗಮಕಿಯು ಅರ್ಥಕ್ಕಾಗಿ ಪದವನ್ನು ಬಿಡಿಸುತ್ತಾನೆ, ರಸಕ್ಕಾಗಿ ಒಂದೆಡೆ ನಿಲ್ಲುತ್ತಾನೆ. ಆದರೂ ಭಾಮಿನಿಯ ತೂಗು ಅವನ ವಾಚನದಲ್ಲಿ ಮರೆಯಾಗುವುದಿಲ್ಲ. ಉಗಾಭೋಗವನ್ನು ಹಾಡಿ, ಅದರ ಬೆನ್ನಿಗೇ ತಾಳಬದ್ಧವಾದ ಪದವೊಂದನ್ನು ಎತ್ತಿಕೊಳ್ಳುವ ವಾಡಿಕೆಯಲ್ಲಿಯೂ ಇದೇ ವಿವೇಕವಿದೆ. ಬಿಡುವನ್ನು ಕೇಳಿದ ಕಿವಿಗೆ ಬಿಗಿ ಹೆಚ್ಚು ರುಚಿಸುತ್ತದೆ.

ಹೊಸಗನ್ನಡದಲ್ಲಿಯೂ ಕಥೆ ಹೀಗೆಯೇ ನಡೆಯಿತು. 1926ರಲ್ಲಿ ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಹೊರಬಂದಿತು. ಅವರು ಆದಿಪ್ರಾಸದ ಕಟ್ಟನ್ನು ಬಿಟ್ಟರು, ಮಾತ್ರಾಗಣಗಳನ್ನು ಬಿಡಲಿಲ್ಲ. ಹಳೆಯ ಮೂರು, ನಾಲ್ಕು, ಐದರ ಗಣಗಳನ್ನೇ ಹೊಸ ರೀತಿಯಲ್ಲಿ ಜೋಡಿಸಿ, ಸಾಲುಗಳನ್ನು ಕಿರಿದು ಹಿರಿದು ಮಾಡಿ ಹೊಸ ನಡೆಗಳನ್ನು ತೋರಿಸಿದರು. ಬೇಂದ್ರೆಯವರು ಜಾನಪದದ ನಡೆಗಳನ್ನು ಭಾವಗೀತೆಗೆ ತಂದರು. ಹೀಗೆ ಲಯ ಸಿದ್ಧವಾಗಿದ್ದುದರಿಂದಲೇ ಪಿ. ಕಾಳಿಂಗರಾಯರೂ (1914–1981) ಮೈಸೂರು ಅನಂತಸ್ವಾಮಿಯವರೂ (1936–1995) ಆ ಕವಿಗಳ ಗೀತೆಗಳನ್ನು ಹಾಡಿದಾಗ ಜನ ಒಮ್ಮೆ ಕೇಳಿ ಗುನುಗತೊಡಗಿದರು.

ಈ ವಿಚಾರ ಬಾನುಲಿಗೆ ವಿಶೇಷವಾಗಿ ಸಲ್ಲುತ್ತದೆ. 1935ರಲ್ಲಿ ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಪ್ರಾರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಬಳಕೆಗೆ ಬಂದುದು ಆ ಕೇಂದ್ರದಿಂದ. ಅಂದಿನಿಂದ ಎಷ್ಟೋ ಕವಿತೆಗಳು ಪುಸ್ತಕದಿಂದ ಇಳಿದು ಕಿವಿಗೆ ಬಂದಿವೆ. ಬಾನುಲಿಯಲ್ಲಿ ಹಾಡುಗಾರನ ಮುಖ ಕಾಣದು, ಸಾಹಿತ್ಯದ ಪುಸ್ತಕ ಕೈಯಲ್ಲಿರದು. ಮಾತು ಮೊದಲ ಸಲಕ್ಕೇ ಕಿವಿಯಿಂದ ಮನಸ್ಸಿಗೆ ಮುಟ್ಟಬೇಕು. ಇತ್ತೀಚೆಗೆ ಕೆಲವು ಹಾಡುಗಳಲ್ಲಿ ಮೊದಲು ಮಟ್ಟೊಂದನ್ನು ಗೊತ್ತುಮಾಡಿಕೊಂಡು ಕವಿತೆಯನ್ನು ಅದರೊಳಗೆ ತುರುಕುವುದನ್ನು ಕೇಳುತ್ತೇವೆ. ಲಘುವಿದ್ದಲ್ಲಿ ಎಳೆತ, ಗುರುವಿದ್ದಲ್ಲಿ ಓಟ, ಪದದ ನಡುವೆ ಉಸಿರು. ಕೇಳಿದವನಿಗೆ ರಾಗ ನೆನಪಿರುತ್ತದೆ, ಕವಿ ಹೇಳಿದ್ದು ನೆನಪಿರುವುದಿಲ್ಲ. ಹಳೆಯ ಪದಗಳಿಗೂ ಈ ಗತಿಯೇ ಆದರೆ, ಶತಮಾನಗಳನ್ನು ದಾಟಿ ಬಂದ ಆ ಒಂದು ಸಾಕ್ಷಿಯನ್ನೂ ನಾವೇ ಅಳಿಸಿದಂತಾಗುತ್ತದೆ.

ಮಟ್ಟು ಕಟ್ಟಲು ಬಯಸುವ ತರುಣರಿಗೆ ಹಿಂದಿನವರ ದಾರಿ ಕಷ್ಟದ್ದೇನೂ ಅಲ್ಲ. ಕವಿತೆಯನ್ನು ಮೊದಲು ರಾಗವಿಲ್ಲದೆ ನಾಲ್ಕಾರು ಬಾರಿ ಗಟ್ಟಿಯಾಗಿ ಓದಬೇಕು. ಗಣ ಎಲ್ಲಿ ಮುರಿಯುತ್ತದೆಂದು ಕೈತಟ್ಟಿ ಗುರುತಿಸಬೇಕು. ಸಾಲಿನ ಮುಖ್ಯವಾದ ಮಾತು ಯಾವುದೆಂದು ನೋಡಿ, ಅದು ಪೆಟ್ಟಿನ ಮೇಲೆ ಬೀಳುವಂತೆ ಎತ್ತುಗಡೆಯನ್ನು ಇಡಬೇಕು. ಬೇಕಾದರೆ ಪೆಟ್ಟು ಬಿದ್ದು ಅರೆ ಎಣಿಕೆ ಕಳೆದ ಮೇಲೆ ಹಾಡನ್ನು ಎತ್ತಿಕೊಳ್ಳಬಹುದು. ನಿಲುಗಡೆಗಳು ಗೊತ್ತಾದ ಮೇಲೆ ರಾಗವನ್ನು ಆರಿಸಬೇಕು. ಆಗ ಸ್ವರಗಳು ತಮ್ಮ ಜಾಗವನ್ನು ತಾವೇ ಹುಡುಕಿಕೊಳ್ಳುತ್ತವೆ. ಮನೆಯಲ್ಲಿ ಮಕ್ಕಳು ಶಾಲೆಯ ಪದ್ಯವನ್ನು ಬಾಯಿಪಾಠ ಮಾಡುವಾಗ ಹಿರಿಯರು ತೊಡೆಯ ಮೇಲೆ ಕೈತಟ್ಟಿ ಜೊತೆಗೂಡಿದರೂ ಸಾಕು. ಆ ವಿದ್ಯೆ ಅಲ್ಲಿಂದಲೇ ಪ್ರಾರಂಭವಾಗುತ್ತದೆ.