ಜಾಲಿ ಎಂಬ ಹೆಸರು: ಮಾಟುಂಗದಿಂದ ಒಂದು ಟಿಪ್ಪಣಿ

ಮರದ ಹೆಸರನ್ನು ಚರಿತ್ರೆಯ ಆಕರವಾಗಿ ಬಳಸುವಾಗ ನಾವು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕಾಗುತ್ತದೆ: ಹೆಸರು ಯಾವ ಸಸ್ಯದ್ದು? ಆ ಸಸ್ಯ ಆ ಕಾಲದಲ್ಲಿ ಆ ನೆಲದಲ್ಲಿತ್ತೆ? 1926ರಲ್ಲಿ ಸ್ಥಾಪನೆಗೊಂಡ ಮೈಸೂರು ಅಸೋಸಿಯೇಷನ್ನಿನ ನೆಲೆಯಾದ ಮುಂಬಯಿಯ ಮಾಟುಂಗವು ಈ ಚರ್ಚೆಗೆ ತಕ್ಕ ಸ್ಥಳ. ಕನ್ನಡದ 'ಜಾಲಿ', ಮರಾಠಿಯ 'ಬಾಭೂಳ', ಹಿಂದಿಯ 'ಬಬೂಲ್' ಎಂಬ ಮೂರು ಹೆಸರುಗಳೂ ಇಲ್ಲಿ ಅಕ್ಕಪಕ್ಕದಲ್ಲಿವೆ. ಇದೇ ನಗರದ ಬಾಬುಲನಾಥ ದೇವಾಲಯದ ಹೆಸರು ಈ ಮರದಿಂದ ಬಂದಿತೆಂದು ಒಂದು ಐತಿಹ್ಯ. ಬಾಬುಲನೆಂಬ ಗೊಲ್ಲನಿಂದ ಬಂದಿತೆಂದು ಇನ್ನೊಂದು. ಹೆಸರೊಂದೇ ಸಾಕ್ಷ್ಯವಾಗದು ಎಂಬುದಕ್ಕೆ ಇದು ನಿದರ್ಶನ.

ಜಾಲಿ, ಅಂದರೆ ಕರಿಜಾಲಿ ಅಥವಾ ಗೊಬ್ಬಳಿ, ಆಫ್ರಿಕ, ಅರೇಬಿಯ ಮತ್ತು ಭಾರತಗಳ ಒಣನಾಡುಗಳ ಮರ. 1753ರಲ್ಲಿ ಲಿನೇಯಸನು ನೈಲ್ ನದಿಯನ್ನು ನೆನಪಿಸುವ 'ಮೈಮೋಸ ನೈಲೋಟಿಕ' ಎಂಬ ಹೆಸರನ್ನು ಇದಕ್ಕಿತ್ತನು. ಮುಂದೆ ಇದು 'ಅಕೇಶಿಯ' ಕುಲಕ್ಕೆ ಸೇರಿತು. ಹಳೆಯ ಗ್ರಂಥಗಳ 'ಅಕೇಶಿಯ ಅರಾಬಿಕ'ವೂ ಇದೇ. 2005ರ ವಿಯೆನ್ನಾ ಸಮ್ಮೇಳನವು 'ಅಕೇಶಿಯ' ಎಂಬ ಕುಲನಾಮವನ್ನು ಆಸ್ಟ್ರೇಲಿಯದ ಜಾತಿಗಳಿಗೆ ಉಳಿಸಿತು. 2011ರ ಮೆಲ್ಬರ್ನ್ ಸಮ್ಮೇಳನದಲ್ಲಿ ಆ ನಿರ್ಣಯ ಸ್ಥಿರಗೊಂಡಿತು. ಈಗ ನಮ್ಮ ಜಾಲಿ 'ವಾಚೆಲಿಯ ನೈಲೋಟಿಕ'.

ಕಪ್ಪು ಬಿರುಕುತೊಗಟೆ, ಜೋಡಿಯಾದ ನೇರ ಬಿಳಿಮುಳ್ಳು, ಚೆಂಡಿನಾಕಾರದ ಹಳದಿ ಹೂ, ಬೀಜಬೀಜದ ನಡುವೆ ಇರುಕಾಗಿ ಮಣಿಸರದಂತೆ ತೋರುವ ಕಾಯಿ ಇದರ ಲಕ್ಷಣಗಳು. ಕಿರಿದಾದ ಎಲೆದಳಗಳೂ ಆಳಕ್ಕಿಳಿಯುವ ತಾಯಿಬೇರೂ ಬರವನ್ನು ತಾಳಲು ನೆರವಾಗುತ್ತವೆ. ಮರ ನೇಗಿಲಿಗೂ ಬಂಡಿಯ ಗಾಲಿಗೂ, ತೊಗಟೆ ಚರ್ಮ ಹದಮಾಡಲೂ ಒದಗಿವೆ. ಬೆಳ್ಳನೆಯ ತೊಗಟೆಯ ಬಿಳಿಜಾಲಿ ಬೇರೆಯೇ ಜಾತಿ.

ಗೊಂದಲ ಹುಟ್ಟುವುದು 'ಬಳ್ಳಾರಿ ಜಾಲಿ'ಯಿಂದ. ಹೆಸರಿನಲ್ಲಿ ಬಳ್ಳಾರಿಯಿದ್ದರೂ ಇದು ಅಮೆರಿಕ ಖಂಡದ ಸಸ್ಯ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಭಾರತಕ್ಕೆ ತರಲಾಯಿತು. ಇದರ ಹೂ ಚೆಂಡಲ್ಲ, ನೀಳವಾದ ತೆನೆ, ಕಾಯಿ ಮಣಿಸರದಂತಿಲ್ಲ. 'ಸೀಮೆ ಜಾಲಿ' ಎಂಬ ಇನ್ನೊಂದು ಹೆಸರು, ಹಿಂದಿಯ 'ವಿಲಾಯತಿ ಬಬೂಲ್'ನಂತೆ, ಹೊರಗಿನಿಂದ ಬಂದುದೆಂಬ ನೆನಪನ್ನು ಉಳಿಸಿಕೊಂಡಿದೆ.

ಆದುದರಿಂದ ವಚನ, ಕೀರ್ತನೆ, ಶಾಸನಗಳಲ್ಲಿ ದೊರೆಯುವ 'ಜಾಲಿ'ಯು ಬಳ್ಳಾರಿ ಜಾಲಿಯಾಗಿರಲು ಸಾಧ್ಯವಿಲ್ಲ. ಕರಿಜಾಲಿಯೋ ಬಿಳಿಜಾಲಿಯೋ ಎಂಬುದನ್ನು ಸಂದರ್ಭದಿಂದ ನಿರ್ಧರಿಸಬೇಕು. ಇಂದಿನ ಬಳ್ಳಾರಿ, ರಾಯಚೂರು ಸೀಮೆಯ ದಟ್ಟ ಜಾಲಿಪೊದೆಗಳನ್ನು ಕಂಡು ಪ್ರಾಚೀನ ಭೂದೃಶ್ಯವೂ ಹಾಗೆಯೇ ಇತ್ತೆಂದು ಬಗೆದರೆ, ನೂರೈವತ್ತು ವರ್ಷಗಳ ಈಚಿನ ಬದಲಾವಣೆಯನ್ನು ಸಾವಿರ ವರ್ಷಗಳ ಹಿಂದಕ್ಕೆ ಒಯ್ದಂತಾಗುತ್ತದೆ. ಹೊರನಾಡಿನಲ್ಲಿ ಕುಳಿತು ನಿಘಂಟಿನ ಆಸರೆಯಿಂದಲೇ ಕನ್ನಡವನ್ನು ಅನುವಾದಿಸುವ ವಿದ್ವಾಂಸರು ಇದನ್ನು ವಿಶೇಷವಾಗಿ ಗಮನಿಸಬೇಕೆಂದು ನಮ್ಮ ಅಭಿಪ್ರಾಯ.