ಬೆರಳಿಗೆ ಓಗೊಡದ ರಿಸೀವರ್

ರೇಡಿಯೋ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಅದರ ನಾಬುಗಳು. ಒಂದನ್ನು ತಿರುಗಿಸಿದರೆ ಕಟಕ್ಕೆಂದು ದೀಪ ಹತ್ತಿ ಧ್ವನಿ ಏರುವುದು. ಇನ್ನೊಂದನ್ನು ತಿರುಗಿಸಿದರೆ ಮುಳ್ಳು ಸರಿದು ಬೇರೊಂದು ನಿಲಯ ಕೇಳಿಸುವುದು. ನಾಬು ಕೆಟ್ಟರೆ ಕೆಟ್ಟೆನೆಂದು ಅದೇ ಹೇಳಿಬಿಡುತ್ತದೆ. ಕರಕರ ಸದ್ದು ಮಾಡುತ್ತದೆ, ಸಡಿಲವಾಗುತ್ತದೆ, ಒಳಗಿನ ದಾರ ಕಿತ್ತರೆ ಸುಮ್ಮನೆ ಗಿರ್ರನೆ ತಿರುಗುತ್ತದೆ. ಆದರೆ ನಾಬೇ ಇಲ್ಲದ ರಿಸೀವರ್ ಒಂದು ನಿಮ್ಮ ಕೈಗೆ ಬಂದು, ಅದರ ನುಣುಪಾದ ಲೋಹದ ಪಟ್ಟಿಯ ಮೇಲೆ ನೀವು ಎಷ್ಟು ಸಲ ಬೆರಳಿಟ್ಟರೂ ಅದು ಓಗೊಡದಿದ್ದರೆ ಏನು ಮಾಡುವಿರಿ? ದೋಷ ಬೆರಳಿನದೋ ಪೆಟ್ಟಿಗೆಯದೋ ಎಂಬುದೇ ಮೊದಲು ತಿಳಿಯುವುದಿಲ್ಲ. ಐವತ್ತು ವರ್ಷದ ಹಿಂದಿನ ಒಳ್ಳೊಳ್ಳೆಯ ಸ್ಟೀರಿಯೋ ರಿಸೀವರುಗಳು ಇಷ್ಟೇ ಕಾರಣಕ್ಕೆ ಗುಜರಿಗೆ ಹೋಗುವುದುಂಟು. ಈ ಬೆರಳಿನ ಕಥೆಯನ್ನು ಸ್ವಲ್ಪ ಹಿಂದಿನಿಂದಲೇ ನೋಡೋಣ.

1920ರ ದಶಕದಲ್ಲಿ ಹವ್ಯಾಸಿಗಳು ಮನೆಯಲ್ಲಿಯೇ ರೇಡಿಯೋ ಕಟ್ಟುತ್ತಿದ್ದರು. ಅವರನ್ನು ಬಹಳವಾಗಿ ಕಾಡಿದ ಪೀಡೆಯೆಂದರೆ ಅವರ ಕೈಯೇ. ಕೈ ನಾಬಿನ ಮೇಲಿರುವವರೆಗೆ ನಿಲಯ ಚೆನ್ನಾಗಿ ಕೇಳುವುದು. ಕೈ ತೆಗೆದೊಡನೆ ನಿಲಯ ಮಾಯವಾಗಿ ಕೀಚಲು ದನಿ ಹೊರಡುವುದು. ಕಾರಣ ಸರಳವಾದುದು. ನಮ್ಮ ದೇಹವೂ ಒಂದು ವಿದ್ಯುದ್ವಾಹಕ. ಅದು ಸೆಟ್ಟಿನ ಕಂಡೆನ್ಸರಿನ ಬಳಿಗೆ ಬಂದಾಗ ಅದರ ಬೆಲೆಗೆ ತನ್ನದೊಂದು ಚೂರು ಸೇರಿಸುತ್ತದೆ, ಶ್ರುತಿ ಜಾರುತ್ತದೆ. ಮುಂಭಾಗದ ಹಲಗೆಯ ಹಿಂದೆ ಲೋಹದ ತಗಡು ಬಡಿದು ಅದನ್ನು ಅರ್ತ್ ಮಾಡುವುದು ಇದಕ್ಕೆ ಮದ್ದಾಗಿತ್ತು. ಅಂದರೆ ಮನುಷ್ಯನನ್ನು ಯಂತ್ರದಿಂದ ಹೊರಗಿಡುವುದೇ ಅಂದಿನ ಜಾಣತನ.

ಈ ಪೀಡೆಯನ್ನೇ ವರವನ್ನಾಗಿ ಕಂಡವನು ರಷ್ಯದ ಲೆವ್ ತೆರೆಮಿನ್. 1920ರಲ್ಲಿ ಪೆತ್ರೋಗ್ರಾದಿನಲ್ಲಿ ಅನಿಲಗಳ ವಿದ್ಯುದ್ಗುಣವನ್ನು ಅಳೆಯುವ ಉಪಕರಣವೊಂದರ ಕೆಲಸದಲ್ಲಿದ್ದಾಗ, ತನ್ನ ಕೈ ಹತ್ತಿರ ಬಂದಂತೆ ಅದರ ಸ್ವರ ಬದಲಾಗುವುದನ್ನು ಆತ ಗಮನಿಸಿದ. ಅದರಿಂದ ಹುಟ್ಟಿದ್ದು ಮುಟ್ಟದೆಯೇ ನುಡಿಸುವ ವಾದ್ಯ. ಬಲಗೈ ಸ್ವರವನ್ನು ಆಳಿದರೆ ಎಡಗೈ ಧ್ವನಿಯನ್ನು ಏರಿಸಿ ಇಳಿಸುತ್ತಿತ್ತು. 1922ರಲ್ಲಿ ಲೆನಿನ್ ಮುಂದೆ ಅದರ ಪ್ರದರ್ಶನವಾಯಿತು. 1928ರಲ್ಲಿ ಅಮೆರಿಕದ ಪೇಟೆಂಟೂ ದೊರೆಯಿತು. ಸಂಗೀತದ ಮಾತು ಹಾಗಿರಲಿ, ನಾಬಿಲ್ಲದ ವಾಲ್ಯೂಮ್ ಕಂಟ್ರೋಲ್ ಆಗಲೇ ಹುಟ್ಟಿತ್ತೆಂಬುದನ್ನು ನೀವು ಗಮನಿಸಬೇಕು.

ರೇಡಿಯೋ ರಿಪೇರಿಯವರಿಗೂ ಬೆರಳಿನ ಮಹಿಮೆ ಬೇರೊಂದು ದಾರಿಯಲ್ಲಿ ಗೊತ್ತಿತ್ತು. ಸತ್ತ ಸೆಟ್ಟಿನ ವಾಲ್ಯೂಮ್ ಕಂಟ್ರೋಲಿನ ನಡುವಣ ತಂತಿಯನ್ನು ಬೆರಳಿನಿಂದ ಸೋಕಿದಾಗ ಗುಂಯ್ ಎಂದು ಸದ್ದು ಬಂದರೆ, ಅಲ್ಲಿಂದ ಸ್ಪೀಕರಿನವರೆಗೆ ಎಲ್ಲವೂ ಸರಿಯಾಗಿದೆ ಎಂದರ್ಥ. ಗೋಡೆಯೊಳಗಿನ ವಿದ್ಯುತ್ ತಂತಿಗಳಿಂದ 50 ಸೈಕಲ್ಲಿನ ಕಂಪನವನ್ನು ನಮ್ಮ ದೇಹ ಸದಾ ಹೀರಿಕೊಂಡಿರುತ್ತದೆ. ಬೆರಳು ಅದನ್ನು ಒಳಗೆ ದಾಟಿಸುತ್ತದೆ. ನೀವು ಇದನ್ನು ಮನೆಯಲ್ಲಿ ಮಾಡಿ ನೋಡಬೇಡಿ. ಹಳೆಯ ಎಸಿ-ಡಿಸಿ ಸೆಟ್ಟುಗಳ ಚಾಸಿಗೇ ಕರೆಂಟು ಬಂದಿರುವುದುಂಟು.

ಟ್ರಾನ್ಸಿಸ್ಟರೂ ಐಸಿಯೂ ಬಂದ ಮೇಲೆ, 1970ರ ದಶಕದಲ್ಲಿ, ಈ ಹಳೆಯ ಅನುಭವಗಳೆಲ್ಲ ಕೂಡಿಬಂದವು. ಒಂದು ಬಗೆಯಲ್ಲಿ ಅಕ್ಕಪಕ್ಕದ ಎರಡು ಲೋಹದ ತುಣುಕುಗಳಿಗೆ ಬೆರಳು ಸೇತುವೆಯಾಗಿ, ಚರ್ಮದ ತೇವದ ಮೂಲಕ ಅತ್ಯಲ್ಪ ವಿದ್ಯುತ್ತು ಹರಿಯುವುದು. ಇನ್ನೊಂದರಲ್ಲಿ ದೇಹ ಹೊತ್ತು ತಂದ ಗುಂಯ್ ಸದ್ದನ್ನೋ, ದೇಹದಿಂದ ಕಂಡೆನ್ಸರಿನಲ್ಲಿ ಆಗುವ ವ್ಯತ್ಯಾಸವನ್ನೋ ಸರ್ಕ್ಯೂಟು ಗುರುತಿಸುವುದು. ಜರ್ಮನಿಯ ಸೀಮೆನ್ಸ್ ಕಂಪೆನಿ ಎಸ್‌ಎಎಸ್ 560, 570 ಎಂಬ ಐಸಿಗಳನ್ನು ಇದಕ್ಕೆಂದೇ ತಯಾರಿಸಿತು. ಯೂರೋಪಿನ ಎಷ್ಟೋ ಟೆಲಿವಿಷನ್ನುಗಳಲ್ಲಿ ಅವು ಕೂತವು.

ರಿಸೀವರುಗಳಲ್ಲಿ ಈ ಕಲೆ ಸೊಗಸಾಗಿ ಮೂಡಿದ್ದು ಡೆನ್ಮಾರ್ಕಿನಲ್ಲಿ. ಸ್ಟ್ರೂಯರ್ ಎಂಬ ಸಣ್ಣ ಊರಿನ ಬಳಿ 1925ರಲ್ಲಿ ಪೀಟರ್ ಬಾಂಗ್, ಸ್ವೆನ್ ಓಲುಫ್‌ಸೆನ್ ಎಂಬ ಇಬ್ಬರು ತರುಣ ಇಂಜಿನಿಯರುಗಳು ಆರಂಭಿಸಿದ ಕಂಪೆನಿ 1976ರಲ್ಲಿ ಬಿಯೋಮಾಸ್ಟರ್ 1900 ಎಂಬ ರಿಸೀವರನ್ನು ಹೊರತಂದಿತು. ಅದರ ರೂಪ ಯಾಕೋಬ್ ಯೆನ್ಸೆನ್ನನದು. ತಗ್ಗಾದ, ಉದ್ದನೆಯ ಪೆಟ್ಟಿಗೆ. ದಿನವೂ ಬೇಕಾಗುವ ಕೆಲಸಗಳಿಗೆ ಅಲ್ಯುಮಿನಿಯಮ್ ಪಟ್ಟಿಯ ಮೇಲೆ ಬೆರಳಿಟ್ಟರಾಯಿತು. ಅಪರೂಪಕ್ಕೆ ಬೇಕಾಗುವವು ಮುಚ್ಚಳದ ಕೆಳಗೆ ಮರೆಯಾಗಿವೆ. ಮನೆಯವರನ್ನು ಹತ್ತಾರು ಗುಂಡಿಗಳಿಂದ ಹೆದರಿಸಬಾರದೆಂಬ ಈ ಮರ್ಯಾದೆ ನನಗೆ ಬಹಳ ಹಿಡಿಸುತ್ತದೆ. ಅದೇ 1976ರಲ್ಲಿ ಜಿನೀವಾ ಬಳಿಯ ಸೆರ್ನ್ ಸಂಸ್ಥೆಯ ಹೊಸ ಯಂತ್ರದ ನಿಯಂತ್ರಣ ಕೊಠಡಿಯಲ್ಲಿ ಬೆಂಟ್ ಸ್ಟುಂಪೆ ರೂಪಿಸಿದ ಸ್ಪರ್ಶಪರದೆಗಳು ಕೆಲಸಕ್ಕೆ ತೊಡಗಿದವು. ಆತನೂ ಡೆನ್ಮಾರ್ಕಿನವನೇ. ತಮಾಷೆಯೆಂದರೆ, ಆ ಪರದೆಗಳ ಜೊತೆಗೆ ತಿರುಗಿಸುವ ನಾಬೊಂದನ್ನೂ ಆತ ಯೋಜಿಸಿದ್ದ!

ತಿರುಗುವ ಭಾಗವಿಲ್ಲದ್ದರಿಂದ ಸವೆತವೂ ಇಲ್ಲವೆಂದು ಆಗ ಎಲ್ಲರೂ ಎಣಿಸಿದ್ದರು. ಸವೆತ ಹೋಗಲಿಲ್ಲ, ಕಣ್ಣಿಗೆ ಕಾಣದ ಕಡೆಗೆ ಸರಿಯಿತು. ಆದುದರಿಂದ ಇಂಥ ಸೆಟ್ಟು ರಿಪೇರಿಗೆ ಬಂದಾಗ, ಬಲ್ಲವನು ಸ್ಕ್ರೂಡ್ರೈವರಿಗೆ ಕೈಹಾಕುವ ಮೊದಲು ವಿಚಾರಣೆ ನಡೆಸುತ್ತಾನೆ. ಸತ್ತಿರುವುದು ಒಂದೇ ಜಾಗವೋ, ಎಲ್ಲವೂ ಒಟ್ಟಿಗೋ? ಬೆರಳನ್ನು ತುಸು ಒದ್ದೆ ಮಾಡಿಕೊಂಡು ಮುಟ್ಟಿದರೆ ಓಗೊಡುವುದೋ? ಒದ್ದೆ ಬೆರಳಿಗೆ ಒಲಿದರೆ ಲೋಹದ ಮೇಲೆ ಕಿಲುಬೋ ಜಿಡ್ಡೋ ಕೂತಿದೆ, ಇಲ್ಲವೆ ಒಳಗಿನ ಹತ್ತಾರು ಲಕ್ಷ ಓಮಿನ ರೆಸಿಸ್ಟರುಗಳ ಬೆಲೆ ವಯಸ್ಸಿನಿಂದ ಏರಿದೆ. ಈ ರೆಸಿಸ್ಟರುಗಳನ್ನು ತೆಗೆದು ನೇರ ತಂತಿ ಹಾಕುವ ಜಾಣರೂ ಇದ್ದಾರೆ. ಅವರ ಸಹವಾಸ ಬೇಡ. ಸೆಟ್ಟಿನೊಳಗಿನ ವಿದ್ಯುತ್ತಿಗೂ ನಿಮ್ಮ ಬೆರಳಿಗೂ ನಡುವೆ ಕಾವಲು ನಿಂತಿರುವುದು ಅವೇ.

ಎಲ್ಲ ಜಾಗಗಳೂ ಒಟ್ಟಿಗೆ ಸತ್ತಿದ್ದರೆ ತಪ್ಪು ಸಾಮಾನ್ಯವಾಗಿ ಸ್ಪರ್ಶಪಟ್ಟಿಯದಲ್ಲ, ಅದಕ್ಕೆ ವಿದ್ಯುತ್ತು ಒದಗಿಸುವ ಭಾಗದ್ದು. ಎಲೆಕ್ಟ್ರೊಲಿಟಿಕ್ ಕಂಡೆನ್ಸರುಗಳು ನಲವತ್ತು ಐವತ್ತು ವರ್ಷಗಳಲ್ಲಿ ಒಣಗುತ್ತವೆ. ಹನಿಯ ಆಕಾರದ ಟ್ಯಾಂಟಲಮ್ ಕಂಡೆನ್ಸರುಗಳು ಒಮ್ಮೆಲೇ ಷಾರ್ಟ್ ಆಗುತ್ತವೆ. ಒಂದೇ ಜಾಗ ಸತ್ತಿದ್ದರೆ ಅಲ್ಲಿಂದ ಹೊರಟ ತಂತಿಯನ್ನು ಹಿಡಿದು ಹೋಗಬೇಕು. ಬೆಸುಗೆಯ ಸುತ್ತ ಕೂದಲೆಳೆಯಷ್ಟು ಬಿರುಕು, ಪ್ಲಗ್ಗಿನ ಪಿನ್ನುಗಳ ಮೇಲೆ ಕಪ್ಪು, ಹೀಗೆ ಏನಾದರೂ ಸಿಕ್ಕುತ್ತದೆ. ಕೆಲವೊಮ್ಮೆ ಸ್ಪರ್ಶ ಸರಿಯಾಗಿಯೇ ಇದ್ದು, ಅದನ್ನು ತೋರಿಸುವ ಪುಟ್ಟ ಬಲ್ಬು ಸುಟ್ಟಿರುತ್ತದೆ. ದೀಪ ಹತ್ತಲಿಲ್ಲವಾದ್ದರಿಂದ ಯಂತ್ರ ಕೇಳಲಿಲ್ಲವೆಂದು ಮನೆಯವರು ತಿಳಿದಿರುತ್ತಾರೆ.

ಐಸಿಯ ಮೇಲೆ ಸಂಶಯ ಬರಬೇಕಾದದ್ದು ಎಲ್ಲಕ್ಕಿಂತ ಕೊನೆಗೆ. ಆ ಐಸಿಗಳ ತಯಾರಿಕೆ ಎಂದೋ ನಿಂತಿದೆ. ಆತುರದಲ್ಲಿ ಕಿತ್ತು ಕೆಡಿಸಿದರೆ ಅಂಗಡಿಯಲ್ಲಿ ಸಿಕ್ಕುವ ಸಾಮಾನಲ್ಲ. ಸೀಮಾಸ್ ಜಾತಿಯ ಐಸಿಯಾದರಂತೂ ಒಣ ಹವೆಯಲ್ಲಿ ಕೈಯಿಂದ ಹಾರುವ ಕಿಡಿಯೊಂದೇ ಅದನ್ನು ಕೊಲ್ಲಬಲ್ಲದು. ಆದ್ದರಿಂದ ರಿಪೇರಿಯವನು ಮಣಿಕಟ್ಟಿಗೆ ಅರ್ತ್ ಪಟ್ಟಿ ಕಟ್ಟಿಕೊಂಡು ಕೂರುತ್ತಾನೆ. ಬೆರಳಿಗಾಗಿ ಹುಟ್ಟಿದ ಯಂತ್ರಕ್ಕೆ ಬೆರಳೇ ಯಮ! ಶುಚಿ ಮಾಡಲು ಐಸೊಪ್ರೊಪೈಲ್ ಆಲ್ಕೊಹಾಲು ಸಾಕು. ಎಣ್ಣೆಯ ಅಂಶವಿರುವ ಸ್ಪ್ರೇ ಬೇಡ. ಅದು ಉಳಿಸುವ ಪೊರೆಗೆ ಧೂಳು ಹತ್ತಿ, ಮಳೆಗಾಲದ ತೇವವೂ ಸೇರಿದರೆ, ಯಾರೂ ಮುಟ್ಟದೆಯೇ ನಿಲಯ ಬದಲಾಗಲು ತೊಡಗುತ್ತದೆ.

ಇಷ್ಟೆಲ್ಲ ಶ್ರಮಕ್ಕೆ ಈ ಪೆಟ್ಟಿಗೆಗಳು ಯೋಗ್ಯವೇ ಎಂದು ನೀವು ಕೇಳಬಹುದು. 2020ರಲ್ಲಿ ಸ್ಟ್ರೂಯರಿನ ಆ ಕಂಪೆನಿಯೇ 1970ರ ದಶಕದ ತನ್ನ ಹಳೆಯ ಗ್ರಾಮಫೋನ್ ಯಂತ್ರಗಳನ್ನು ಹುಡುಕಿ ತರಿಸಿ, ಬಿಚ್ಚಿ, ಸರಿಪಡಿಸಿ, 95ನ್ನು ಮತ್ತೆ ಮಾರಾಟಕ್ಕಿಟ್ಟಿತು. ನಿಮ್ಮಲ್ಲಿರುವುದಕ್ಕೆ ಅಷ್ಟು ಉಪಚಾರ ಬೇಕಾಗಲಾರದು. ರಿಪೇರಿಯಾದ ಮೇಲೆ ಎರಡು ಮೂರು ಗಂಟೆ ಹಾಡಲು ಬಿಟ್ಟು, ಸೆಟ್ಟು ಬೆಚ್ಚಗಾದ ನಂತರ ಇನ್ನೊಮ್ಮೆ ಪರೀಕ್ಷಿಸಿ. ನಿಮ್ಮ ಬೆರಳೊಂದೇ ಸಾಲದು. ಮಗುವನ್ನು ಕರೆದು ಮುಟ್ಟಿಸಿ. ಚರ್ಮ ಒಣಗಿದ ಅಜ್ಜಿಯ ಬೆರಳನ್ನೂ ಇರಿಸಿ ನೋಡಿ. ಅಜ್ಜಿಗೂ ಓಗೊಟ್ಟರೆ ಮುಚ್ಚಳದ ಸ್ಕ್ರೂ ಬಿಗಿಯಬಹುದು.